ದ್ರೋಹಿಯ ಪಾತ್ರಕ್ಕೆ ಕೂತ ಕಾಕೂ

ಅವರು ನಮ್ಮನ್ನು ಕೇಳಿದ ಮೊದಲ ಪ್ರಶ್ನೆಯೇ "ಯಾರು ಸತ್ತದ್ದು?" ಎಂಬುದು.

ನಾಸಿಕದಲ್ಲಿ ಅವರ ಹೋಟೆಲಿನ ಮಹಡಿ. ಭಾನುವಾರ ಮಧ್ಯಾಹ್ನ, ಊಟದ ಗಿರಾಕಿಗಳು ಎದ್ದು ಹೋಗಿ ಸಂಜೆಯ ತಿಂಡಿಯವರು ಇನ್ನೂ ಬಾರದ ಹೊತ್ತು. ನಾವು ಆರೇಳು ಮಂದಿ ಮೇಜಿನ ಸುತ್ತ ನಿಂತುಕೊಂಡೇ ಜಗಳವಾಡುತ್ತಿದ್ದೆವು. ಅವನ ತಲೆ ಕಡಿಸಿದ್ದು ಏನೂ ಸಾಲದು ಎಂದು ನಾನು. ಗಡೀಪಾರು ಮಾಡಿದ್ದರೆ ಸಾಕಿತ್ತು ಎಂದು ಸಮೀರ. ಅವನ ಜೊತೆಗೆ ಅವನ ಮನೆಯವರನ್ನೆಲ್ಲ ಹಿಡಿಸಬೇಕಿತ್ತು ಎಂದು ಋತುಜಾ. ಮರಾಠಿ, ಹಿಂದಿ, ಇಂಗ್ಲಿಷ್ ಮೂರೂ ಸೇರಿದ ಆ ಗದ್ದಲ ಕೆಳಗಿನ ಗಲ್ಲಾದವರೆಗೂ ಇಳಿದಿತ್ತು. ಮೆಟ್ಟಿಲು ಹತ್ತಿ ಬಂದ ಹೆಂಗಸು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮರಾಠಿಯಲ್ಲಿ ಆ ಪ್ರಶ್ನೆ ಕೇಳಿದಾಗ ಎಲ್ಲರ ಬಾಯಿ ಬಂದ್ ಆಯಿತು. ಸತ್ತವನು ಒಂದು ಕಾದಂಬರಿಯ ಪಾತ್ರ ಎಂದು ಹೇಗೆ ಹೇಳುವುದು? ನಾನು ತಡೆಯಲಾರದೆ "ಅಯ್ಯ ಶಿವನ" ಎಂದುಬಿಟ್ಟೆ. ಅವರು ತಟ್ಟನೆ ನನ್ನ ಕಡೆ ತಿರುಗಿದರು.

"ಕನ್ನಡದವರಾ? ಹಾಗಾದ್ರೆ ನೀವೇ ಹೇಳಿ. ಸತ್ತದ್ದು ಯಾರು, ಸಾಯಿಸಿದ್ದು ಯಾರು, ಮತ್ತೆ ಅದು ನನ್ನ ಹೋಟ್ಲಲ್ಲೇ ಎಂತಕ್ಕೆ?"

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾಸಿಕದಲ್ಲಿ ಆ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಗಿರಾಕಿಗಳಿಗೆ, ತರಕಾರಿಯವನಿಗೆ, ಪಕ್ಕದ ಮೆಡಿಕಲ್ ಅಂಗಡಿಯವನಿಗೆ, ಎಲ್ಲರಿಗೂ ಅವರು ಕಾಕೂ, ನಮ್ಮಲ್ಲಿ ಚಿಕ್ಕಮ್ಮ ಎಂದ ಹಾಗೆ. ನಮಗೂ ಹಾಗೆಯೇ ಆದರು. ನಮ್ಮ ಜಗಳಕ್ಕೆ ಕಾರಣವಾದ ಪುಸ್ತಕ ಸರಣಿಯ ಹೆಸರನ್ನೂ ಬರೆಯುವುದಿಲ್ಲ. ಬರೆದರೆ ಅದನ್ನು ಓದಿದವರು ಈ ಬರಹವನ್ನು ಇಲ್ಲಿಯೇ ಬಿಟ್ಟು ನನ್ನೊಡನೆ ಜಗಳಕ್ಕೆ ನಿಲ್ಲುತ್ತಾರೆ, ಅಂಥವರನ್ನು ನಾನು ಬಲ್ಲೆ, ನಾನೂ ಅಂಥವಳೇ. ದಪ್ಪ ದಪ್ಪ ಸಂಪುಟಗಳು. ರಾಜರು, ಮಾಟಗಾತಿಯರು, ಮಾತಾಡುವ ಬೆಟ್ಟಗಳು. ಬ್ಯಾಂಕಿನ ಕೆಲಸದ ಮೇಲೆ ಗದಗಿನಿಂದ ಈ ಊರಿಗೆ ವರ್ಗವಾಗಿ ಬಂದ ನನಗೆ ಇಲ್ಲಿ ಸ್ನೇಹಿತರನ್ನು ದೊರಕಿಸಿಕೊಟ್ಟದ್ದು ಆ ಸಂಪುಟಗಳೇ. ಸಮೀರ ನಿಫಾಡಿನ ದ್ರಾಕ್ಷಿ ಬೆಳೆಗಾರರ ಮನೆಯವನು, ಋತುಜಾ ಹಲ್ಲಿನ ಡಾಕ್ಟರು. ನಮ್ಮನ್ನು ಒಂದೇ ಮೇಜಿಗೆ ತಂದು ಕೂರಿಸುವ ಶಕ್ತಿ ಬೇರೆ ಯಾವುದಕ್ಕೂ ಇರಲಿಲ್ಲ.

ಆ ದಿನ ತಲೆ ಕಳೆದುಕೊಂಡವನ ಹೆಸರು ಉದ್ರೇನ್. ನಾಲ್ಮಾರ ಎಂಬ ನಗರದ ಪಶ್ಚಿಮ ಬಾಗಿಲು ಕಾಯುವವನು. ಹೊರಗೆ ಶತ್ರು, ಹಿಮ. ಯಾರಿಗೂ ಬಾಗಿಲು ತೆರೆಯಕೂಡದು ಎಂದು ಮಹಾರಾಣಿ ಸಾವ್ರಿನಳ ಅಪ್ಪಣೆ. ಆದರೆ ಹಳ್ಳಿಗಳಿಂದ ಓಡಿಬಂದ ಜನ ಬಾಗಿಲ ಹೊರಗೆ ಚಳಿಯಲ್ಲಿ ಸಾಯುತ್ತಿದ್ದಾರೆ, ಅವರ ಸಾಲಿನ ಕೊನೆಯಲ್ಲಿ ಉದ್ರೇನನ ಒಡಹುಟ್ಟಿದವಳೂ ಇದ್ದಾಳೆ. ಅವನು ಬಾಗಿಲು ತೆರೆಯುತ್ತಾನೆ. ಜನರ ಜೊತೆ ಶತ್ರುವೂ ಒಳಗೆ ನುಸುಳಿ ಕೆಳಪೇಟೆಯನ್ನು ಸುಟ್ಟುಹಾಕುತ್ತಾನೆ. ರಾಣಿ ಅವನ ತಲೆ ಕಡಿಸುತ್ತಾಳೆ. ಇಷ್ಟನ್ನು ನಾನು ಮುಗಿಸುವಷ್ಟರಲ್ಲಿ ಕಾಕೂ ಒಂದು ಕುರ್ಚಿ ಎಳೆದುಕೊಂಡು ಕೂತಾಗಿತ್ತು.

ನಮ್ಮನ್ನು ಹೊರಹಾಕಲು ಬಂದವರು ಎರಡು ಪ್ರಶ್ನೆ ಕೇಳಿ ಎದ್ದರು. ಒಂದು, ಅವನ ಪರವಾಗಿ ಮಾತಾಡುವವರು ನಿಮ್ಮಲ್ಲಿ ಒಬ್ಬರೂ ಇಲ್ಲವಾ? ಇರಲಿಲ್ಲ. ಉದ್ರೇನ್ ದ್ರೋಹಿ ಎಂಬುದರಲ್ಲಿ ನಮ್ಮೊಳಗೆ ಭಿನ್ನಾಭಿಪ್ರಾಯವೇ ಇರಲಿಲ್ಲ, ಜಗಳವೆಲ್ಲ ಶಿಕ್ಷೆಯ ಪ್ರಮಾಣದ ಬಗ್ಗೆ. ಇನ್ನೊಂದು ಪ್ರಶ್ನೆ, ಆ ಒಡಹುಟ್ಟಿದವಳು ಅವನಿಗೆ ಅಕ್ಕನೋ ತಂಗಿಯೋ? ಇಷ್ಟು ವರ್ಷ ಈ ಕಥೆಯನ್ನು ಅರೆದು ಕುಡಿದವರು ನಾವು, ನಮ್ಮಲ್ಲಿ ಯಾರಿಗೂ ಇದು ಹೊಳೆದಿರಲಿಲ್ಲ. ಸಂಪುಟ ತಿರುವಿದೆವು, ಮೊಬೈಲಿನಲ್ಲಿ ಹುಡುಕಿದೆವು, ದೇಶಾಂತರದ ಅಭಿಮಾನಿಗಳಿಗೆ ಪ್ರಶ್ನೆ ಹಾಕಿದೆವು. ಬರೆದವನೇ ಎಲ್ಲೂ ಹೇಳಿಲ್ಲ. ಮುಂದಿನ ಭಾನುವಾರ ಸೋತ ಮುಖ ಹೊತ್ತು ಹೋಗಿ ಹಾಗೆಂದು ಒಪ್ಪಿಸಿದೆವು.

"ಅಕ್ಕ," ಎಂದರು ಕಾಕೂ, ತೀರ್ಪು ಕೊಟ್ಟವರ ಹಾಗೆ. "ಅವಳು ಸಾಲಿನ ಕಡೇಲಿ ನಿಂತಿದ್ಳು ಅಂತ ನೀವೇ ಹೇಳಿದ್ರಲ್ಲ. ತಂಗಿ ಆಗಿದ್ರೆ ಅಣ್ಣನ ಕಂಡ್ಕೂಡ್ಲೆ ಮುಂದೆ ಓಡಿ ಬರ್ತಿದ್ಳು. ಅಕ್ಕ ಆದ ಕಾರಣ ಎಲ್ಲರನ್ನ ಮುಂದೆ ಬಿಟ್ಟು ಹಿಂದೆ ನಿಂತಳು."

ಇದನ್ನು ಋತುಜಾಳಿಗೆ ಮರಾಠಿಯಲ್ಲಿ ಹೇಳಿದಾಗ ಅವಳು ಸಂಪುಟದ ಆ ಪುಟ ತೆರೆದು ಅಂಚಿನಲ್ಲಿ ಅಕ್ಕ ಎಂದು ಬರೆದುಕೊಂಡಳು. ಅಂದಿನಿಂದ ಮಹಡಿ ನಮ್ಮದಾಯಿತು.

ಕಾಕೂ ಸಾಧು ಹೆಂಗಸು ಎಂದು ಯಾರಾದರೂ ತಿಳಿದರೆ ಅದು ತಪ್ಪು. ಅವರಿಗೆ ಜಂಬ ಇತ್ತು, ಮೂಗಿನ ತುದಿಯಲ್ಲಿ ಸಿಟ್ಟಿತ್ತು. ಗಲ್ಲಾದ ಮೇಲೆ ಒಂದು ಹಿತ್ತಾಳೆಯ ಗಂಟೆ ಇಟ್ಟುಕೊಂಡು, ಇಡೀ ಹೋಟೆಲನ್ನು ಆ ಗಂಟೆಯಿಂದಲೇ ಆಳುತ್ತಿದ್ದರು. ಒಮ್ಮೆ ಬಾರಿಸಿದರೆ ಮಾಣಿ ಬರಬೇಕು, ಎರಡು ಸಲ ಬಾರಿಸಿದರೆ ಅಡುಗೆಮನೆಯಿಂದ ಯಜಮಾನರೇ ಬರಬೇಕು. ಯಜಮಾನರು, ಎಂದರೆ ಅವರ ಗಂಡ, ಮಾತಿಲ್ಲದ ಮನುಷ್ಯ. ಬಾಗಿಲಲ್ಲಿ ಸೌಟು ಹಿಡಿದು ನಿಂತು, ಏನು ಎಂದು ಹುಬ್ಬಿನಲ್ಲೇ ಕೇಳಿ, ಉತ್ತರ ಪಡೆದು ಒಳಗೆ ಹೋಗುತ್ತಿದ್ದರು. ಇಡ್ಲಿ ಚೆನ್ನಾಗಿದೆ ಎಂದು ಗಿರಾಕಿ ಹೊಗಳಿದರೆ ಕಾಕೂ ಥ್ಯಾಂಕ್ಸ್ ಹೇಳುತ್ತಿರಲಿಲ್ಲ, "ಗೊತ್ತಿದೆ" ಎನ್ನುತ್ತಿದ್ದರು.

ಅವರಲ್ಲಿ ಇನ್ನೊಂದು ವಿಚಿತ್ರ ಪದ್ಧತಿ ಇತ್ತು. ಮಧ್ಯಾಹ್ನ ಅಡುಗೆ ಮುಗಿದ ಮೇಲೆ ಶಟರನ್ನು ಪೂರ್ತಿ ಇಳಿಸುತ್ತಿರಲಿಲ್ಲ, ಅರ್ಧಕ್ಕೆ ನಿಲ್ಲಿಸುತ್ತಿದ್ದರು. ತ್ರ್ಯಂಬಕೇಶ್ವರದಿಂದ ಶೇರ್ ಜೀಪಿನಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಬಂದಿಳಿಯುವ ಯಾತ್ರಿಕರು ಅದರಡಿ ಬಗ್ಗಿ ಒಳಗೆ ಇಣುಕುತ್ತಿದ್ದರು. ಅನ್ನ ಇಲ್ಲದಿದ್ದರೂ ಒಂದು ಲೋಟ ಮಜ್ಜಿಗೆಯಾದರೂ ಸಿಗದೆ ಯಾರೂ ವಾಪಸಾಗುತ್ತಿರಲಿಲ್ಲ. ಅಷ್ಟು ಹೊತ್ತು ಒಲೆ ಮುಂದೆ ನಿಂತವರಿಗೆ ವಿಶ್ರಾಂತಿ ಬೇಡವೇ ಎಂದು ನಾನೇ ಒಮ್ಮೆ ಕೇಳಿದ್ದೆ. ಬೇಕು, ಅದಕ್ಕೇ ಅರ್ಧ ಇಳಿಸಿದ್ದು ಎಂದರು. ಆದರೂ ಬಗ್ಗಿ ಬಂದವರ ಮುಖ ನೋಡಿದ ಮೇಲೆ ಇಲ್ಲ ಎನ್ನುವುದು ತಮ್ಮ ಕೈಲಾಗುವುದಿಲ್ಲವಂತೆ.

ಆ ಮಳೆಗಾಲವೆಲ್ಲ ನಾವು ಅವರಿಗೆ ಸರಣಿಯನ್ನು ಹೇಳಿದೆವು. ಇಂಗ್ಲಿಷ್ ಓದುವ ರೂಢಿ ಅವರಿಗಿರಲಿಲ್ಲ. ಒಂದು ವಾರ ನಾನು ಕನ್ನಡದಲ್ಲಿ, ಇನ್ನೊಂದು ವಾರ ಸಮೀರ ಮರಾಠಿಯಲ್ಲಿ. ಕೊತ್ತಂಬರಿ ಸೊಪ್ಪು ಬಿಡಿಸುತ್ತ ಕೇಳುತ್ತಿದ್ದರು. ಅವರ ಆಕ್ಷೇಪಣೆಗಳು ನಮ್ಮ ಯಾವ ಚರ್ಚೆಯಲ್ಲೂ ಬಂದಂಥವಲ್ಲ. ಇಷ್ಟು ದೊಡ್ಡ ಸೈನ್ಯ ನಡೆಯುತ್ತದೆ, ಅದರ ಹಿಂದೆ ಅಡುಗೆಯವರು ಯಾಕಿಲ್ಲ? ರಾಜಕುಮಾರ ಹದಿನಾರು ಅಧ್ಯಾಯ ಕುದುರೆ ಮೇಲಿಂದ ಇಳಿದೇ ಇಲ್ಲ, ಊಟ ಎಲ್ಲಿ? ಇದನ್ನು ಬರೆದವನು ಮನೆಯಲ್ಲಿ ಯಾವತ್ತೂ ಅಕ್ಕಿ ತೊಳೆದವನಲ್ಲ ಎಂಬುದು ಅವರ ಖಚಿತ ಅಭಿಪ್ರಾಯವಾಗಿತ್ತು.

ಆಮೇಲೆ ಅವರು ನಮಗೆ ಮಾತಾಡುವುದನ್ನು ಕಲಿಸಿದರು. ನನ್ನ ಮಟ್ಟಿಗೆ ಅದನ್ನೇ ಅವರ ದೊಡ್ಡ ಕೊಡುಗೆ ಎನ್ನುತ್ತೇನೆ.

ಬ್ರಹ್ಮಾವರದ ಕಡೆಯ ಅವರ ತಂದೆ ತಾಳಮದ್ದಳೆಯ ಅರ್ಥಧಾರಿ. ನಮ್ಮ ಗದಗಿನ ಕಡೆ ಅದು ಇಲ್ಲ, ಅವರೇ ನನಗೆ ತಿಳಿಸಿ ಹೇಳಿದರು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಕಲಾವಿದರು ಪಂಚೆ ಶಲ್ಯದಲ್ಲಿ ಎದುರುಬದುರು ಕೂತು, ತಾವೇ ಪುರಾಣದ ಆ ಪಾತ್ರವಾಗಿ, ಬರೆದಿಟ್ಟುಕೊಳ್ಳದೆ, ಅಲ್ಲಿಯೇ ಹುಟ್ಟಿದ ಮಾತಿನಲ್ಲಿ ವಾದಕ್ಕೆ ಇಳಿಯುತ್ತಾರೆ. "ನೀವು ಆ ಉದ್ರೇನನ ಬಗ್ಗೆ ಮಾತಾಡ್ತೀರಿ, ಉದ್ರೇನನಾಗಿ ಮಾತಾಡುದಿಲ್ಲ. ಬಗ್ಗೆ ಮಾತಾಡುದು ಸುಲಭ," ಎಂದರು. ಅವರ ಕಟ್ಟಳೆಗಳು ಕಟ್ಟುನಿಟ್ಟು. ನಿಂತು ಕೂಗಬಾರದು, ಕೂತು ಮಾತಾಡಬೇಕು. ಅವನು ಎನ್ನಬಾರದು, ನಾನು ಎನ್ನಬೇಕು. ಎದುರಿನವರ ಬಾಯಿ ಕಟ್ಟುವುದು ದೊಡ್ಡಸ್ತಿಕೆಯಲ್ಲ, ಅವರಿಗೆ ಮಾತು ಸಿಗದಿದ್ದರೆ ನೀವೇ ಒಂದು ಎಳೆ ಕೊಟ್ಟು ಎತ್ತಬೇಕು. ಎಲ್ಲಕ್ಕಿಂತ ಮುಖ್ಯ, ವಾದದಲ್ಲಿ ಯಾರೇ ಗೆಲ್ಲಲಿ, ಕಥೆ ಬಿಡಬಾರದು. ಕಥೆಯಲ್ಲಿ ಸಾಯಬೇಕಾದವನು ವಾದ ಗೆದ್ದಮೇಲೂ ಸಾಯಬೇಕು.

ಇದು ನನಗೆ ಸುತರಾಂ ಒಪ್ಪಿಗೆಯಾಗಲಿಲ್ಲ. ಗೆದ್ದಮೇಲೆ ಸಾಯುವುದು ಯಾವ ನ್ಯಾಯ? ಒಂದು ಭಾನುವಾರ ನಾನು ಮಹಾರಾಣಿಯಾಗಿ ಸಮೀರನ ಎದುರು ಕೂತಿದ್ದೆ. ಅವನು ಯಾವುದೋ ಕಳ್ಳಸಾಗಣೆದಾರನ ಪಾತ್ರದಲ್ಲಿ ನನ್ನನ್ನು ಮೂಲೆಗೆ ತಳ್ಳಿದ. ಸೋಲುವುದು ನನ್ನ ಜಾಯಮಾನದಲ್ಲೇ ಇಲ್ಲ. "ಹೋಗು, ಬಿಟ್ಟೇನಿ ನಿನ್ನ" ಎಂದು ಉದಾರವಾಗಿ ಕ್ಷಮಿಸಿಬಿಟ್ಟೆ. ಕೆಳಗಿನಿಂದ ತಂದಿಟ್ಟುಕೊಂಡಿದ್ದ ಗಂಟೆಯನ್ನು ಕಾಕೂ ಎಷ್ಟು ಜೋರಾಗಿ ಬಾರಿಸಿದರೆಂದರೆ ಯಜಮಾನರು ಸೌಟಿನ ಸಮೇತ ಮಹಡಿ ಹತ್ತಿ ಬಂದರು.

"ಕಥೆ ಬಿಡುಕಾಗ," ಎಂದರು ಕಾಕೂ. ಸಿಟ್ಟು ಬಂದರೆ ಅವರ ಕನ್ನಡ ಪೂರ್ತಿ ಊರಿಗೆ ಹೋಗಿಬಿಡುತ್ತಿತ್ತು. "ಕಥೆ ನಿಮ್ದಲ್ಲ, ನಂದಲ್ಲ. ಮಾತು ಮಾತ್ರ ನಮ್ದು."

ಅಷ್ಟೆಲ್ಲ ಕಲಿಸಿದ ಅವರು ತಾವು ಮಾತ್ರ ಎಂದೂ ಪಾತ್ರಕ್ಕೆ ಕೂರಲಿಲ್ಲ. ಕೇಳಿದರೆ ಗಲ್ಲಾ ಯಾರು ನೋಡುವುದು ಎನ್ನುತ್ತಿದ್ದರು. ನಿಜವಾದ ಕಾರಣವನ್ನು ಒಂದು ಮಧ್ಯಾಹ್ನ ನನ್ನೊಬ್ಬಳಿಗೇ ಹೇಳಿದರು, ತೊಗರಿಬೇಳೆ ಆರಿಸುತ್ತ, ಯಾರದೋ ಕಥೆ ಹೇಳುವ ಹಾಗೆ.

ಹುಡುಗಿಯಾಗಿದ್ದಾಗ ತಂದೆಯ ಅಭ್ಯಾಸಕ್ಕೆ ಎದುರು ಕೂರುತ್ತಿದ್ದವರು ಅವರೇ. ತಂದೆ ರಾಜನಾದರೆ ಇವರು ಮಂತ್ರಿ, ತಂದೆ ದೇವರಾದರೆ ಇವರು ಅಸುರ. ಎಷ್ಟೋ ಸಲ ತಂದೆಯೇ ತಡವರಿಸುತ್ತಿದ್ದರಂತೆ. ಒಮ್ಮೆ ಅವರದೇ ಮನೆಯಂಗಳದಲ್ಲಿ ಕೂಟ. ಎದುರು ಪಾತ್ರದವರು ಬರಲಿಲ್ಲ. ತಂದೆ ಸುತ್ತ ಕಣ್ಣಾಡಿಸಿದರು. ಮಜ್ಜಿಗೆಯ ತಂಬಿಗೆ ಹಿಡಿದು ಕಂಬದ ಹಿಂದೆ ನಿಂತಿದ್ದ ಮಗಳು ಅದನ್ನು ಕೆಳಗಿಟ್ಟಳು. ತಂದೆಯ ಕಣ್ಣು ಅವರನ್ನು ದಾಟಿ ಮುಂದೆ ಹೋಯಿತು. ಇವರ ತಮ್ಮನನ್ನು ಕರೆದು ಕೂರಿಸಿದರು. ಅವನಿಗೆ ಕಥೆಯೇ ಸರಿಯಾಗಿ ಗೊತ್ತಿರಲಿಲ್ಲ. ಆಮೇಲೆ ಕೇಳಿದ್ದಕ್ಕೆ ತಂದೆ, ಹೆಣ್ಣಿನ ಮಾತು ಅಂಗಳದ ಕೂಟಕ್ಕಲ್ಲ, ಒಳಮನೆಗೆ ಎಂದರಂತೆ. ಈಗ ಊರಲ್ಲಿ ಹೆಂಗಸರದೇ ತಂಡಗಳಿವೆ. ಆಗ ಇರಲಿಲ್ಲ. ಅಲ್ಲಿಂದ ಮದುವೆ, ನಾಸಿಕ, ಹೋಟೆಲು.

"ಒಂದ್ ಸಲ ಕೂತ್ಕೊಳ್ಬೇಕಿತ್ತು," ಎಂದರು. "ಒಂದೇ ಸಲ. ಸೋತ್ರೂ ಅಡ್ಡಿಲ್ಲೆ."

ನನಗೆ ಆ ತಂದೆಯ ಮೇಲೆ, ಆ ಕಂಬದ ಮೇಲೆ, ಏನೂ ಅರಿಯದ ಆ ತಮ್ಮನ ಮೇಲೂ ಸಿಟ್ಟು ಬಂತು. ಇವರನ್ನು ಒಂದು ಸಲ ಕೂರಿಸಿಯೇ ತೀರುತ್ತೇನೆ ಎಂದುಕೊಂಡೆ.

ಅವಕಾಶ ಬಂದದ್ದು ಛತ್ರಪತಿ ಸಂಭಾಜಿನಗರದಿಂದ. ಅಲ್ಲಿಯೂ ನಮ್ಮಂಥದೇ ಒಂದು ಅಭಿಮಾನಿ ಬಳಗವಿದೆ, ನಮಗಿಂತ ದೊಡ್ಡದು, ನಮಗಿಂತ ಜಗಳಗಂಟಿ. ಒಂದು ಸಭಾಂಗಣದಲ್ಲಿ ಸಾರ್ವಜನಿಕ ವಾದ ಇಟ್ಟುಕೊಂಡಿದ್ದರು. ವಿಷಯ: ಉದ್ರೇನ್ ದ್ರೋಹಿಯೇ? ಮೊದಲು ಸಭಿಕರು ಕೈಯೆತ್ತಿ ಅಭಿಪ್ರಾಯ ಹೇಳಬೇಕು, ವಾದ ಮುಗಿದ ಮೇಲೆ ಮತ್ತೆ ಕೈಯೆತ್ತಬೇಕು. ಎಷ್ಟು ಕೈಗಳು ಬದಲಾದವು ಎಂಬುದರ ಮೇಲೆ ಸೋಲು ಗೆಲುವು. ದ್ರೋಹಿ ಎಂದು ವಾದಿಸುವವಳು ಅವರ ಪ್ರಾಜಕ್ತಾ. ವಕೀಲೆ, ಮಾತಿನಲ್ಲಿ ಬಿರುಸು, ಅಲ್ಲಿಯವರೆಗೆ ಸೋತವಳಲ್ಲ. ಉದ್ರೇನನ ಪರ ನಾಸಿಕದವರು ಯಾರನ್ನಾದರೂ ಕಳಿಸಿ ಎಂದರು. ನಾನು ಕಾಕೂ ಹೆಸರು ಕಳಿಸಿದೆ. ಎಲ್ಲ ಸಂಪುಟಗಳನ್ನೂ ಓದಿದವರೇ ಆಗಬೇಕು ಎಂಬುದು ನಮ್ಮ ನಿಯಮ ಎಂದು ಉತ್ತರ ಬಂತು. ಅವರು ಓದಿಲ್ಲ, ಕೇಳಿದ್ದಾರೆ ಎಂದೆ. ಆಗುವುದಿಲ್ಲ ಎಂದರು. ಫೋನಿನಲ್ಲಿ ನಾನು ಆಡಿದ ಮಾತನ್ನು ಇಲ್ಲಿ ಬರೆಯುವಂತಿಲ್ಲ. ಕೊನೆಗೆ ಗಂಟು ಬಿಡಿಸಿದವಳು ಪ್ರಾಜಕ್ತಾಳೇ. ಆ ಹಾಳು ದ್ರೋಹಿಯ ಪರ ನಿಲ್ಲಲು ಬೇರೆ ಯಾರೂ ತಯಾರಿಲ್ಲ, ಬರುವವರು ಬರಲಿ ಬಿಡಿ ಎಂದಳಂತೆ.

ಸುದ್ದಿ ಹೇಳಿದಾಗ ಕಾಕೂ ಬೈದರು. ಭಾನುವಾರ ಹೋಟೆಲು ಮುಚ್ಚುವುದೆಂದರೇನು, ಈ ವಯಸ್ಸಿನಲ್ಲಿ ಇದೆಲ್ಲ ಏನು, ನಾನು ಯಾರನ್ನು ಕೇಳಿ ಹೆಸರು ಕಳಿಸಿದೆ. ಬೈಗುಳದ ನಡುವೆ ಗಂಟೆ ಸದ್ದಾಯಿತು. ಬಾರಿಸಿದವರು ಯಜಮಾನರು. ಅವರು ಗಲ್ಲಾದ ಬಳಿ ನಿಂತು ನನ್ನನ್ನು ನೋಡಿ, "ಹೋಗ್ತಾಳೆ," ಎಂದರು. ನಾನು ಅವರ ಧ್ವನಿ ಸರಿಯಾಗಿ ಕೇಳಿದ್ದು ಅವತ್ತೇ.

ಹೋಟೆಲಿನ ವ್ಯಾನಿನಲ್ಲಿ ಹೋದೆವು. ಯಜಮಾನರೇ ಕಟ್ಟಿದ ಬುತ್ತಿ ಇತ್ತು. ವೈಜಾಪುರ ದಾಟುವವರೆಗೂ ಕಾಕೂ ಒಂದು ತುತ್ತನ್ನೂ ಮುಟ್ಟಲಿಲ್ಲ. ಕಿಟಕಿಯ ಹೊರಗೆ ನೋಡುತ್ತ ತುಟಿ ಅಲ್ಲಾಡಿಸುತ್ತಿದ್ದರು. ಒಮ್ಮೆ ಮಾತ್ರ ನನ್ನ ಕೈ ಹಿಡಿದು, ಬಾಯಿ ತೆರೆದಾಗ ಮಾತು ಬಾರದಿದ್ದರೆ ಏನು ಮಾಡುವುದು ಎಂದು ಕೇಳಿದರು. "ನಾವ್ ಅದೀವಲ್ರಿ ಕಾಕೂ," ಎಂದೆ. ಅದು ಉತ್ತರವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಸಭಾಂಗಣ ತುಂಬಿತ್ತು. ಕಪ್ಪು ಟೀ ಶರ್ಟಿನ ಕಾಲೇಜು ಹುಡುಗರು, ರಟ್ಟಿನ ಕಿರೀಟ ತೊಟ್ಟ ಹುಡುಗಿಯರು. ಉದ್ರೇನ್ ದ್ರೋಹಿ ಎನ್ನುವವರು ಕೈಯೆತ್ತಿ ಎಂದರು. ಕೈಗಳ ಕಾಡು ಎದ್ದಿತು. ಅಲ್ಲ ಎನ್ನುವವರು? ಹಿಂದಿನ ಸಾಲಿನಲ್ಲಿ ಎರಡೋ ಮೂರೋ ಕೈ, ಅವೂ ತಮಾಷೆಗೆ ಎತ್ತಿದ ಹಾಗಿತ್ತು.

ವೇದಿಕೆಯ ಮೇಲೆ ನಿಂತು ಮಾತಾಡಲು ಎರಡು ಸ್ಟ್ಯಾಂಡು ಇಟ್ಟಿದ್ದರು. ಕಾಕೂ ಅದನ್ನು ನೋಡಿ ತಲೆಯಾಡಿಸಿ, ಮನೆಯಿಂದ ತಂದ ಚಾಪೆ ಹಾಸಿ ಕೂತರು. ಸಭೆಯಲ್ಲಿ ನಗು. ಎದುರಿನ ಜಾಗ ತೋರಿಸಿ ಪ್ರಾಜಕ್ತಾಳನ್ನು ಕರೆದರು. ಅವಳು ಒಂದು ಕ್ಷಣ ಅನುಮಾನಿಸಿ, ಚಪ್ಪಲಿ ಕಳಚಿ ಬಂದು ಕೂತಳು. ಕಾಕೂ ಕಣ್ಣು ಮುಚ್ಚಿದರು, ತೆರೆದರು. ಗಟ್ಟಿ ಮರಾಠಿಯಲ್ಲಿ, ಹೋಟೆಲು ನಡೆಸಿ ನಡೆಸಿ ಪಳಗಿದ ಮರಾಠಿಯಲ್ಲಿ, ನಾನು ಉದ್ರೇನ್, ಪಶ್ಚಿಮ ಬಾಗಿಲಿನವನು, ನನ್ನ ಮಹಾರಾಣಿಯ ಮುಂದೆ ಬಂದಿದ್ದೇನೆ ಎಂದರು. ದೊಡ್ಡ ಕುಂಕುಮ, ಎರಡು ಮೂಗುತಿ, ಮುಡಿಯಲ್ಲಿ ಅಬೋಲಿ ಹೂವು. ಸಭೆ ಹೋ ಎಂದು ನಕ್ಕಿತು. ಕಾಕೂ ಆ ನಗು ಮುಗಿಯಲಿ ಎಂದು ಕಾದರು. ನಗು ಮುಗಿಯಿತು, ಆಮೇಲೆ ಯಾರೂ ನಗಲಿಲ್ಲ.

ಪ್ರಾಜಕ್ತಾ ವಕೀಲೆಯ ಹಾಗೆಯೇ ಶುರು ಮಾಡಿದಳು. ಅಪ್ಪಣೆ ಸ್ಪಷ್ಟವಾಗಿತ್ತು, ನೀನು ಮೀರಿದೆ, ಕೆಳಪೇಟೆ ಉರಿಯಿತು. ಕಾಕೂ ತಲೆತಗ್ಗಿಸಿ ಎಲ್ಲವನ್ನೂ ಕೇಳಿದರು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು.

"ಮಹಾರಾಣಿ, ತೆರೆಯಲೇಬಾರದು ಎಂದಿದ್ದರೆ ಅಲ್ಲಿ ಗೋಡೆ ಕಟ್ಟಿಸಬಹುದಿತ್ತು. ನಿಮ್ಮಲ್ಲಿ ಕಲ್ಲಿತ್ತು, ಕಟ್ಟುವವರಿದ್ದರು. ನೀವು ಬಾಗಿಲು ಇಡಿಸಿದಿರಿ. ಮುಚ್ಚಿಡುವುದಷ್ಟೇ ಕೆಲಸವಾಗಿದ್ದರೆ ಒಂದು ಅಗುಳಿ ಸಾಕಿತ್ತು. ನೀವು ಮನುಷ್ಯನನ್ನು ಇಟ್ಟಿರಿ. ಹೊರಗೆ ನಿಂತವರ ಮುಖ ನೋಡಲಿ ಎಂದಲ್ಲದೆ ಮತ್ತೆ ಯಾಕೆ ಇಟ್ಟಿರಿ?"

ನನಗೆ ಅರ್ಧಕ್ಕೆ ನಿಂತ ಆ ಶಟರು ಕಣ್ಣ ಮುಂದೆ ಬಂತು.

ಪ್ರಾಜಕ್ತಾ ಬಿಡುವವಳಲ್ಲ. ನೀನು ನೋಡಿದ್ದು ಜನರ ಮುಖವಲ್ಲ, ನಿನ್ನವಳೊಬ್ಬಳ ಮುಖ ಎಂದಳು. ಹೌದು ನೋಡಿದೆ ಎಂದರು ಕಾಕೂ. ಆಕೆ ನನ್ನ ಅಕ್ಕ. ಸಾಲಿನ ಕಡೆಯಲ್ಲಿ ನಿಂತಿದ್ದಳು. ಅವಳಿಗಾಗಿ ತೆರೆದಿದ್ದರೆ ಅವಳನ್ನು ಮೊದಲು ಎಳೆದುಕೊಂಡು ಬಾಗಿಲು ಹಾಕುತ್ತಿದ್ದೆ. ಮುಂದೆ ಬಾ ಎಂದು ಕೂಗಿದೆ, ಬರಲಿಲ್ಲ. ಗುರುತಿಲ್ಲದವರೆಲ್ಲ ಒಳಗೆ ಬರುವವರೆಗೂ ಅಲ್ಲೇ ನಿಂತಿದ್ದಳು, ಹೊಸ್ತಿಲು ಮುಟ್ಟುವ ಮೊದಲೇ ಸತ್ತಳು. ಮಹಾರಾಣಿ, ಅಕ್ಕಂದಿರು ಹಾಗೆಯೇ, ಕಂಬದ ಹಿಂದೆ ನಿಂತವರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಪುಸ್ತಕದಲ್ಲಿ ಯಾವ ಕಂಬವೂ ಇಲ್ಲ. ಅದು ಎಲ್ಲಿಯ ಕಂಬವೆಂದು ಆ ಸಭೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ನಾನು ಅತ್ತೆ, ನಾಚಿಕೆಯಿಲ್ಲದೆ ಅತ್ತೆ.

ಪ್ರಾಜಕ್ತಾ ಬಾಯಿ ತೆರೆದಳು, ಮಾತು ಬರಲಿಲ್ಲ. ಅಲ್ಲಿಗೇ ಬಿಟ್ಟಿದ್ದರೆ ನಾವು ಗೆದ್ದುಬಿಡುತ್ತಿದ್ದೆವು. ಆದರೆ ಕಾಕೂ ಬಿಡಲಿಲ್ಲ. ಎದುರಿನವಳಿಗೆ ತಾವೇ ಎಳೆ ಕೊಟ್ಟರು. "ಮಹಾರಾಣಿ, 'ಕೆಳಪೇಟೆಯ ತಾಯಂದಿರಿಗೆ ಏನು ಉತ್ತರ ಹೇಳುತ್ತೀ' ಎಂದು ನನ್ನನ್ನು ಕೇಳಿ. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ," ಎಂದರು. ಪ್ರಾಜಕ್ತಾಳ ಕಣ್ಣಲ್ಲಿ ನೀರು ತುಂಬಿತು. ಕಡಿಮೆ ದನಿಯಲ್ಲಿ, "ಉದ್ರೇನ್, ನಿನ್ನನ್ನು ಕ್ಷಮಿಸಿದ್ದೇನೆ," ಎಂದುಬಿಟ್ಟಳು.

ಚಪ್ಪಾಳೆಗೆ ಸಭಾಂಗಣ ನಡುಗಿತು. ಸಮೀರ ಕುರ್ಚಿ ಹತ್ತಿ ನಿಂತ. ಕಾಕೂ ಮಾತ್ರ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ಮುಂದಕ್ಕೆ ಬಾಗಿ ಪ್ರಾಜಕ್ತಾಳ ಮಂಡಿ ತಟ್ಟಿ, "ಗೋಷ್ಟ ಸೋಡಾಯ್ಚಿ ನಾಹಿ, ಬಾಳಾ," ಎಂದರು. ಕಥೆ ಬಿಡಬಾರದು, ಮಗಾ. ಆಮೇಲೆ ನಗುತ್ತ, ತಮ್ಮ ಊರಿನ ಕನ್ನಡದಲ್ಲಿ ಇನ್ನೊಂದು ಮಾತು ಹೇಳಿದರು. ಮೈಕಿಗೆ ಅದು ಸಿಗಲಿಲ್ಲ, ವೇದಿಕೆಯ ಬುಡದಲ್ಲಿ ಕೂತಿದ್ದ ನನಗೆ ಕೇಳಿತು. ಪ್ರಾಜಕ್ತಾಳಿಗೆ ಭಾಷೆ ತಿಳಿಯಲಿಲ್ಲ, ಆದರೆ ಆ ಮುಖ ನೋಡಿದವಳು ಕಣ್ಣೊರೆಸಿಕೊಂಡು ನೆಟ್ಟಗೆ ಕೂತಳು. ಈಗ ಅವಳು ನಿಜವಾಗಿ ಮಹಾರಾಣಿಯಾಗಿದ್ದಳು.

"ಉದ್ರೇನ್, ನಾನು ನಿನ್ನ ಜಾಗದಲ್ಲಿದ್ದಿದ್ದರೆ ನಾನೂ ತೆರೆಯುತ್ತಿದ್ದೆ," ಎಂದಳು. "ಆದರೆ ನಾನು ಇರುವುದು ನನ್ನ ಜಾಗದಲ್ಲಿ. ಮಕ್ಕಳನ್ನು ಕಳೆದುಕೊಂಡವರು ನನ್ನ ಅಂಗಳದಲ್ಲಿ ಕೂತಿದ್ದಾರೆ. ಅವರ ಮುಖವನ್ನೂ ಯಾರಾದರೂ ನೋಡಬೇಕಲ್ಲ. ನಿನ್ನ ತಲೆ ಕೊಡು."

ಕಾಕೂ ಕೈಮುಗಿದರು. ಮುಡಿಯ ಹೂವನ್ನು ತೆಗೆದು ಚಾಪೆಯ ಮೇಲಿಟ್ಟರು. ತುರುಬನ್ನು ಕೈಯಿಂದ ಮೇಲಕ್ಕೆತ್ತಿ, ಕತ್ತು ಬರಿದು ಮಾಡಿ ಮುಂದಕ್ಕೆ ಬಾಗಿದರು.

ಸಭೆ ಎದ್ದು ನಿಂತಿತು. ರಟ್ಟಿನ ಕಿರೀಟದ ಹುಡುಗಿಯರು ಕಿರೀಟ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು. ಬಹಳ ಹೊತ್ತಿನ ಮೇಲೆ ಯಾರೋ ನೆನಪಿಸಿದರು, ಕೈಯೆತ್ತಿಸಬೇಕಲ್ಲ ಎಂದು. ಉದ್ರೇನ್ ದ್ರೋಹಿ ಎನ್ನುವವರು? ಅಲ್ಲೊಂದು ಇಲ್ಲೊಂದು ಕೈ. ಅಲ್ಲ ಎನ್ನುವವರು? ನನ್ನ ಕೈ ಮೇಲಿತ್ತು. ಪ್ರಾಜಕ್ತಾಳ ಕೈಯೂ ಮೇಲಿತ್ತು.

ವಾಪಸು ಬರುವಾಗ ವೈಜಾಪುರದಲ್ಲಿ ವ್ಯಾನ್ ನಿಲ್ಲಿಸಿ ಬುತ್ತಿ ಬಿಚ್ಚಿದೆವು. ಕಾಕೂ ನಮ್ಮೆಲ್ಲರ ಪಾಲನ್ನೂ ಸೇರಿಸಿ ತಿಂದರು. ನಿಮ್ಮ ಮಾತು ಬಹಳ ಚೆನ್ನಾಗಿತ್ತು ಎಂದ ಸಮೀರನಿಗೆ, "ಗೊತ್ತಿದೆ," ಎಂದರು.

ಆಮೇಲೆ ಅವರು ಪ್ರತಿ ಭಾನುವಾರ ಕೂತರು. ಮಾಟಗಾತಿಯಾದರು, ಬೆಟ್ಟವಾದರು, ಒಮ್ಮೆ ಊಟ ಕಾಣದ ಆ ರಾಜಕುಮಾರನೂ ಆಗಿ ತಮ್ಮನ್ನು ಬರೆದವನನ್ನೇ ಬೈದರು. ಕಳೆದ ತಿಂಗಳು, ಸಂಜೆಯ ತಿಂಡಿಗೆ ಹಿಟ್ಟು ರುಬ್ಬಲು ಹೇಳಿ, ಸ್ವಲ್ಪ ಮಲಗುತ್ತೇನೆ ಎಂದು ಒಳಗೆ ಹೋದವರು ಮತ್ತೆ ಏಳಲಿಲ್ಲ.

ವೈಕುಂಠ ಸಮಾರಾಧನೆಯ ದಿನ ಹೋಟೆಲಿನಲ್ಲೇ ಊಟ. ಪ್ರಾಜಕ್ತಾ ಸಂಭಾಜಿನಗರದಿಂದ ಬಂದಿದ್ದಳು. ಶಟರಿನ ಪಕ್ಕ ನಿಂತು ನನ್ನನ್ನು ಕೇಳಿದಳು, ಆ ದಿನ ವೇದಿಕೆಯ ಮೇಲೆ ನನಗೆ ಕನ್ನಡದಲ್ಲಿ ಏನೋ ಹೇಳಿದರಲ್ಲ, ಏನದು? ಇಷ್ಟು ದಿನ ಕೇಳಬೇಕು ಕೇಳಬೇಕು ಎಂದುಕೊಂಡು ಉಳಿದೇಹೋಯಿತು ಎಂದಳು. ನಾನು ಮೊದಲು ಅದನ್ನು ಅವರು ಹೇಳಿದ ಹಾಗೆಯೇ ಹೇಳಿದೆ.

"ಜೀವಮಾನದಗೆ ಒಂದ್ ಸಲ ಕೂಕಂಡದ್ದ್. ಸಮಾ ಸಾಯ್ದೆ ಎದ್ದ್ ಬಪ್ಪುದಾ?"

ಆಮೇಲೆ ಮರಾಠಿಯಲ್ಲಿ ಹೇಳಿದೆ. ಜೀವಮಾನದಲ್ಲಿ ಒಂದು ಸಲ ಕೂತಿದ್ದೇನೆ, ಸರಿಯಾಗಿ ಸಾಯದೆ ಎದ್ದು ಬರುವುದೇ?

ಪ್ರಾಜಕ್ತಾ ಗಟ್ಟಿಯಾಗಿ ನಕ್ಕಳು. ಸಮಾರಾಧನೆಯ ಮನೆಯಲ್ಲಿ ಹಾಗೆ ನಕ್ಕವಳನ್ನು ಎಲ್ಲರೂ ತಿರುಗಿ ನೋಡಿದರು. ಅವಳ ಕೆನ್ನೆ ಒದ್ದೆಯಾಗಿತ್ತು. ಅಷ್ಟರಲ್ಲಿ ಗಲ್ಲಾದ ಗಂಟೆ ಸದ್ದಾಯಿತು. ಯಜಮಾನರು ಬಾರಿಸಿದ್ದು. ಅಂದು ಭಾನುವಾರ, ಊಟದವರು ಎದ್ದಿದ್ದರು, ತಿಂಡಿಯವರು ಬಂದಿರಲಿಲ್ಲ. ಅವರು ಚಾಪೆ ತಂದು ಪ್ರಾಜಕ್ತಾಳ ಕೈಗೆ ಕೊಟ್ಟು ಒಳಗೆ ಹೋದರು.

ನಾವು ಮೆಟ್ಟಿಲು ಹತ್ತಿದೆವು. ಪ್ರಾಜಕ್ತಾ ಚಾಪೆ ಹಾಸಿ, ಅದರ ತುದಿಯಲ್ಲಿ, ಕಾಕೂ ಕೂರುತ್ತಿದ್ದ ಕಡೆ ಕೂತಳು. ಎದುರಿನ ಜಾಗ ತೋರಿಸಿ ನನಗೆ ಹೇಳಿದಳು, "ಬಾ ಮಹಾರಾಣಿ. ಇವತ್ತು ಉದ್ರೇನ್ ನಾನು."